ಫೋಟೋದಲ್ಲಿದ್ದ ಇನ್ನಿಬ್ಬರು

ಸತ್ತವನೊಬ್ಬನಿಗಾಗಿ ಪ್ರಾರ್ಥನೆ ಮಾಡಲು ಒಂದು ಚರ್ಚಿನ ಹಿರಿಯರು ಒಪ್ಪಲಿಲ್ಲ. ಕಾರಣ ಕೇಳಿದರೆ, ‘ಅವನ ವಿಷಯ ಪೇಪರಿನಲ್ಲಿ ಬಂದಿತ್ತಲ್ಲ’ ಎಂದರು.

‘ಅದು ಸುಳ್ಳು ಅಂತ ಅದೇ ಪೇಪರಿನಲ್ಲಿ ಈಗ ಬಂದಿದೆಯಲ್ಲ?’ ಎಂದು ಸತ್ತವನ ಹೆಂಡತಿ ಕೇಳಿದಳು. ‘ಆ ಪೇಪರನ್ನು ಯಾರು ನಂಬುತ್ತಾರೆ?’ ಎಂದರಂತೆ.

(ಇನ್ನೊಂದು ಸಲ ಓದಿ. ನಾನೂ ಇನ್ನೊಂದು ಸಲ ಹೇಳಿಸಿಕೊಂಡೆ.)

ಹಾಗಾಗಿ ಹೋದ ಭಾನುವಾರ ಆ ಪ್ರಾರ್ಥನೆ ನಡೆದದ್ದು ಇಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಒಂದು ಹಳೆಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಒಂದು ಗೋಡೆಗೆ ಬಾಡಿಗೆದಾರರ ವಾಷಿಂಗ್ ಮಷೀನುಗಳು. ಎದುರಿಗೆ ಒಂದು ಮಡಚುವ ಮೇಜು, ಬಿಳಿ ಸೇವಂತಿಗೆ, ಚೌಕಟ್ಟಿನೊಳಗೆ ಕನ್ನಡಕ ಹಾಕಿದ ಒಬ್ಬ ತೆಳ್ಳನೆಯ ಯುವಕ. ಪಾದ್ರಿ ಇರಲಿಲ್ಲ. ಧಾರವಾಡದ ನಾನು ಅಲ್ಲಿದ್ದೆ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನನ್ನ ಕೆಲಸದ ಬಗ್ಗೆ ಈ ಅಂಕಣದಲ್ಲಿ ಒಮ್ಮೆ ಬರೆದಿದ್ದೆ. ಮರೆತವರಿಗಾಗಿ ಮತ್ತೆ ಹೇಳುತ್ತೇನೆ. ಯೂನಿಯನ್ ಸಿಟಿಯ ಒಂದು ಪ್ರೆಸ್ಸಿನಲ್ಲಿ ನಾನು ಪುಟ ಅಂಟಿಸುವವಳು. ಟೈಪ್ ಆಗಿ ಬಂದ ಹಾಳೆಗಳನ್ನು ಉದ್ದುದ್ದ ಕತ್ತರಿಸಿ, ಬೆನ್ನಿಗೆ ಮೇಣ ಸವರಿ, ಪುಟದಷ್ಟು ದೊಡ್ಡ ರಟ್ಟಿನ ಮೇಲೆ ನೆಟ್ಟಗೆ ಕೂರಿಸಬೇಕು. ಆ ರಟ್ಟಿನ ಫೋಟೋ ತೆಗೆದು ಮಷೀನಿಗೆ ಏರಿಸುತ್ತಾರೆ. ನಮ್ಮಲ್ಲಿ ಸ್ಪ್ಯಾನಿಷ್ ಪೇಪರು, ಪೋಲಿಷ್ ಪೇಪರು, ಗುಜರಾತಿಯವರ ಗರ್ಬಾ ಕರಪತ್ರ, ಸೂಪರ್ ಮಾರ್ಕೆಟ್ಟಿನ ಕೂಪನ್ನು ಎಲ್ಲವೂ ಅಚ್ಚಾಗುತ್ತವೆ. ನನಗೆ ಓದಲು ಬರುವುದು ಕೂಪನ್ನು ಮಾತ್ರ. (ಎಂ.ಎ. ಮಾಡಿದ್ದು ಇದಕ್ಕೇನಾ ಎಂದು ನನ್ನ ತಾಯಿ ಇನ್ನೂ ಕೇಳುತ್ತಾಳೆ.)

ಗುರುವಾರ ಮಧ್ಯಾಹ್ನ ಕೊರಿಯನ್ ವಾರಪತ್ರಿಕೆಯ ಸರದಿ. ಅದರ ಸಂಪಾದಕ, ವರದಿಗಾರ, ಟೈಪಿಸ್ಟ್, ಪೇಪರು ಹಂಚುವವ, ಎಲ್ಲ ಒಬ್ಬರೇ. ಮಿಸ್ಟರ್ ಮಿನ್.

ಮಿನ್ ಬೆಳಿಗ್ಗೆ ಸೀಕಾಕಸ್‌ನ ಒಂದು ವೇರ್‌ಹೌಸಿನಲ್ಲಿ ಲಾರಿಯಿಂದ ಶೂ ಡಬ್ಬಿಗಳನ್ನು ಇಳಿಸುತ್ತಿದ್ದರು. ಮಧ್ಯಾಹ್ನ ನಮ್ಮ ಪ್ರೆಸ್ಸಿಗೆ ಬಂದು ಬಾತ್‌ರೂಮಿಗೆ ಹೋಗಿ, ಬೂದು ಸೂಟು ಟೈ ಹಾಕಿಕೊಂಡು ಹೊರಗೆ ಬರುತ್ತಿದ್ದರು. ‘ಪತ್ರಕರ್ತ ಟೈ ಇಲ್ಲದೆ ಪ್ರೆಸ್ಸಿಗೆ ಬರಬಾರದು’ ಎನ್ನುತ್ತಿದ್ದರು. ಸುದ್ದಿಯನ್ನು ಮನೆಯಲ್ಲೇ ಕೊರಿಯನ್ ಟೈಪ್‌ರೈಟರಿನಲ್ಲಿ ಹೊಡೆದು ತರುತ್ತಿದ್ದರು. ತಲೆಬರಹ ಮಾತ್ರ ನನ್ನ ಮೇಜಿನ ಪಕ್ಕ ನಿಂತು, ಕಪ್ಪು ಶಾಯಿಯಲ್ಲಿ ಕುಂಚ ಅದ್ದಿ, ಉಸಿರು ಬಿಗಿಹಿಡಿದು ಬರೆಯುತ್ತಿದ್ದರು.

ಒಮ್ಮೆ ನಾನು ತಲೆಬರಹವನ್ನೇ ತಲೆಕೆಳಗಾಗಿ ಅಂಟಿಸಿಬಿಟ್ಟೆ. ಮಿನ್ ನಗಲಿಲ್ಲ, ಬೈಯಲೂ ಇಲ್ಲ. ‘ಇರಲಿ ಮಿಸೆಸ್ ರಾವ್. ನನ್ನ ವೈರಿಗಳು ಹೇಗೂ ಹೀಗೇ ಓದುತ್ತಾರೆ’ ಎಂದರು.

ವೈರಿಗಳು ಬಹಳ ಇದ್ದರು. ಮಿನ್ ಬರೆಯುತ್ತಿದ್ದದ್ದೇ ಹಾಗೆ, ದಕ್ಷಿಣ ಕೊರಿಯಾದ ಸರ್ಕಾರದ ಪರವಾಗಿ, ಕಮ್ಯೂನಿಸ್ಟರ ವಿರುದ್ಧ.

ಮಿನ್ ಉತ್ತರ ಕೊರಿಯಾದಲ್ಲಿ ಹುಟ್ಟಿದವರು. ತಂದೆ ಚರ್ಚಿನ ಹಿರಿಯ, ಸ್ವಲ್ಪ ಜಮೀನಿದ್ದವರು. ಕೆಂಪು ಸರ್ಕಾರ ಬಂದಾಗ ಆ ಎರಡು ಕಾರಣಗಳೂ ಸಾಕಾದವು. ಒಂದು ಬೆಳಿಗ್ಗೆ ತಂದೆಯನ್ನು ಕರೆದುಕೊಂಡು ಹೋದವರು ಅಲ್ಲೇ ಗುಡ್ಡದ ಹಿಂದೆ ಕೊಂದರು. ಯುದ್ಧ ಶುರುವಾದಾಗ ಮಿನ್ ತಾಯಿಯನ್ನು ಅಲ್ಲೇ ಬಿಟ್ಟು ದಕ್ಷಿಣಕ್ಕೆ ನಡೆದರು. ಮತ್ತೆ ತಾಯಿಯ ಸುದ್ದಿ ಇಲ್ಲ. ಸೋಲ್ ನಗರದಲ್ಲಿ ವರದಿಗಾರರಾದರು. ಸೈನಿಕರಿಗೆ ಕೊಡುವ ಬೂಟುಗಳು ಮೊದಲ ಚಳಿಗೇ ಬಾಯಿ ಬಿಡುತ್ತವೆ ಎಂದು ಬರೆದರು. ಬೂಟು ಮಾಡಿಸುತ್ತಿದ್ದ ಕಂಟ್ರಾಕ್ಟರನ ಆಳುಗಳು ಅವರ ಎಡಗೈಯ ಎರಡು ಬೆರಳು ಮುರಿದರು. ಕೆಲಸವೂ ಹೋಯಿತು. ಅರವತ್ತರ ದಶಕದ ನಡುವೆ ಹೆಂಡತಿಯ ಜೊತೆ ಇಲ್ಲಿಗೆ ಬಂದರು.

‘ಹಾಗಾದರೆ ನಿಮ್ಮ ಈಗಿನ ಸರ್ಕಾರದ ಪರವಾಗಿ ಯಾಕೆ ಬರೀತೀರಿ? ಸಿಟ್ಟು ಬರೋದಿಲ್ಲವೇ?’ ಎಂದು ನಾನೊಮ್ಮೆ ಕೇಳಿದೆ.

‘ಬರುತ್ತದೆ. ಆದರೆ ಆ ಕಡೆಯವರು ನನ್ನ ತಂದೆಯನ್ನು ಕೊಂದರು. ಈ ಕಡೆಯವರು ಬೆರಳು ಮುರಿದರು, ಅಷ್ಟೇ’ ಎಂದರು.

ನಾನು ಮೇಣ ಸವರುತ್ತ ಕೂತೆ.

ಅವರಿಗೆ ನಮ್ಮ ದೇಶದ ಬಗ್ಗೆ ಒಂದೇ ಕುತೂಹಲ. ‘ನಿಮ್ಮ ಕೇರಳದಲ್ಲಿ ಕಮ್ಯೂನಿಸ್ಟರು ಓಟಿನಲ್ಲಿ ಗೆದ್ದು ಸರ್ಕಾರ ಮಾಡಿದರಂತೆ, ನಿಜವೇ?’ ಎಂದು ಕೇಳಿದ್ದರು. ಹೌದು ಎಂದೆ. ‘ಆಮೇಲೆ ಸರ್ಕಾರ ಬಿದ್ದಾಗ ಇಳಿದು ಹೋದರೇ?’ ಹೌದು ಎಂದೆ. ಮಿನ್ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ನಾನೂ ಕೆಂಪೇ ಇರಬಹುದು ಎಂಬ ಅನುಮಾನ ಅವರಿಗೆ ಆ ಕ್ಷಣದಲ್ಲಿ ಬಂದಿರಬೇಕು.

ಆದರೆ ಒಂದು ಮಾತು. ಮಿನ್ ಬರೀ ಕೂಗಾಡುವ ಪತ್ರಕರ್ತ ಆಗಿರಲಿಲ್ಲ. ಹುಡುಕುತ್ತಿದ್ದರು. ನಾನು ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ, ಅಂದರೆ ಅರವತ್ತೊಂಬತ್ತರಲ್ಲಿ, ಕೊರಿಯಾದಿಂದ ನರ್ಸುಗಳನ್ನು ಕರೆತರುತ್ತಿದ್ದ ಒಬ್ಬ ಏಜೆಂಟನ ಬೆನ್ನು ಹತ್ತಿದರು. ಆತ ಹುಡುಗಿಯರ ಪಾಸ್‌ಪೋರ್ಟುಗಳನ್ನು ತನ್ನ ಬೀರುವಿನಲ್ಲಿ ಇಟ್ಟುಕೊಂಡು ಅವರನ್ನು ಜೀತದವರ ಹಾಗೆ ದುಡಿಸುತ್ತಿದ್ದ. ಮಿನ್ ಒಬ್ಬ ನರ್ಸಿನ ಅಣ್ಣ ಎಂದು ಹೇಳಿಕೊಂಡು ಅವನ ಮನೆಯಲ್ಲೇ ಊಟ ಮಾಡಿ ಬಂದು, ಎಲ್ಲವನ್ನೂ ಬರೆದರು. ಏಜೆಂಟ್ ಊರು ಬಿಟ್ಟ. ಪಾಸ್‌ಪೋರ್ಟುಗಳು ವಾಪಸ್ ಬಂದವು. ಒಬ್ಬ ನರ್ಸು ಪ್ರೆಸ್ಸಿಗೇ ಬಂದು ಮಿನ್ ಅವರಿಗೆ ಸೊಂಟ ಬಗ್ಗಿಸಿ ವಂದಿಸಿದ್ದನ್ನು ನಾನು ಕಂಡಿದ್ದೇನೆ.

ಅಂದಿನಿಂದ ಜನ ನಂಬಿದರು. ಮಿನ್ ಬರೆದರೆ ನಿಜವೇ ಇರುತ್ತದೆ ಎಂದರು.

ಮುಂದಿನ ಕೆಡುಕಿಗೆಲ್ಲ ಆ ನಂಬಿಕೆಯೇ ದಾರಿಯಾಯಿತು.

ಎಪ್ಪತ್ತೊಂದರಲ್ಲಿ ಮಿನ್ ಒಂದು ಹೊಸ ಸುದ್ದಿ ತಂದರು. ಚರ್ಚಿನಲ್ಲಿ ಹಾಡಿನ ಮೇಳ ನಡೆಸುತ್ತಿದ್ದ ಯೂನ್ ಎಂಬ ಯುವಕನ ಬಗ್ಗೆ. ಸಂಗೀತದ ವಿದ್ಯಾರ್ಥಿ, ನ್ಯೂಯಾರ್ಕಿನಲ್ಲಿ ಓದುತ್ತಿದ್ದವನು, ಹೊಸದಾಗಿ ಮದುವೆಯಾದವನು. ಇಲ್ಲಿಗೆ ಬರುವ ಮೊದಲು ಜರ್ಮನಿಯಲ್ಲಿದ್ದ. ತನ್ನ ದೇಶದ ಮಿಲಿಟರಿ ಆಡಳಿತ ಸರಿಯಿಲ್ಲ ಎಂದು ಒಂದು ಮನವಿಗೆ ಸಹಿ ಹಾಕಿದ್ದ. ಕೊರಿಯನ್ನರಲ್ಲಿ ಒಬ್ಬ ದೊಡ್ಡ ವ್ಯಾಪಾರಿಯಿದ್ದರು. ಒಂಟೆ ಬಣ್ಣದ ಉದ್ದ ಕೋಟು ಹಾಕುತ್ತಿದ್ದರು, ಹೆಸರು ಬೇಡ. ಅವರು ತಮ್ಮ ದೇಶದ ಅಧಿಕಾರಿಗಳಿಗಾಗಿ ಇಟ್ಟ ಪಾರ್ಟಿಯೊಂದರಲ್ಲಿ ಮೇಳದವರು ಹಾಡಬೇಕು ಎಂದಾಗ, ‘ಚರ್ಚಿನ ಹಾಡು ಚರ್ಚಿನಲ್ಲಿ’ ಎಂದುಬಿಟ್ಟಿದ್ದ ಯೂನ್.

ಆ ಕೋಟಿನವರೇ ಮಿನ್ ಕೈಗೆ ಒಂದು ಫೋಟೋ ಕೊಟ್ಟರು. ಜರ್ಮನಿಯಲ್ಲಿ ಒಂದು ಊಟದ ಮೇಜು. ನಡುವೆ ಯೂನ್. ಆಚೀಚೆ ಇಬ್ಬರು ಕೊರಿಯನ್ ಗಂಡಸರು. ಇವರಿಬ್ಬರೂ ಉತ್ತರದ ಗೂಢಚಾರರು ಎಂದರು ಕೋಟಿನವರು.

ಮೂರು ವಾರ ಮುಖಪುಟದಲ್ಲಿ ಅದೇ ಸುದ್ದಿ. ನನಗೆ ಅಕ್ಷರ ಓದಲು ಬಾರದಿದ್ದರೂ ಅಳತೆ ತಿಳಿಯುತ್ತದೆ. ಮಿನ್ ಅಷ್ಟು ದಪ್ಪ ಕುಂಚ ಹಿಡಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುವರ್ಷ ದಕ್ಷಿಣ ಕೊರಿಯಾದಲ್ಲಿದ್ದ ಯೂನ್‌ನ ತಾಯಿಗೆ ಕಾಯಿಲೆ ಜೋರಾಯಿತು. ಒಬ್ಬನೇ ಮಗ. ಹೋಗಬೇಡ ಎಂದು ಸ್ನೇಹಿತರು ಹೇಳಿದರು. ‘ನಾನು ಏನೂ ಮಾಡಿಲ್ಲ, ನನಗೇನು ಭಯ?’ ಎಂದು ಅವನು ವಿಮಾನ ಹತ್ತಿದ. ಇಳಿದ ಕೂಡಲೇ ಹಿಡಿದರು. ವಿಚಾರಣೆಯಲ್ಲಿ ಮಿನ್ ಅವರ ಪೇಪರನ್ನು ಎತ್ತಿ ತೋರಿಸಿದರಂತೆ. ಇಲ್ಲಿ ಹೆಂಡತಿಯ ಹೊಟ್ಟೆಯಲ್ಲಿ ಮಗು.

ಅವನನ್ನು ಹಿಡಿದ ಸುದ್ದಿ ಬಂದ ಗುರುವಾರ ಮಿನ್ ಪ್ರೆಸ್ಸಿಗೆ ಡೋನಟ್ ಸಿಹಿತಿಂಡಿಯ ಡಬ್ಬಿ ತಂದಿದ್ದರು. ‘ನನ್ನ ಸುದ್ದಿ ನಿಜವಾಯಿತು’ ಎಂದರು. ಹೆಮ್ಮೆಯಿಂದಲ್ಲ. ಬಹಳ ಸಮಾಧಾನದಿಂದ. ಗುಡ್ಡದ ಹಿಂದೆ ಸತ್ತ ತಂದೆಗೆ ಏನೋ ಸಲ್ಲಿಸಿದೆ ಎಂದುಕೊಂಡರೋ ಏನೋ.

ಇದು ನಮಗೆ ದೂರದ ಕಥೆ ಅನಿಸುತ್ತಿದೆಯೇ? ತಡೆಯಿರಿ.

ಎಪ್ಪತ್ತೈದರಲ್ಲಿ ನಮ್ಮಲ್ಲೂ ತುರ್ತು ಪರಿಸ್ಥಿತಿ ಬಂತಲ್ಲ. ಮುಂದಿನ ಗುರುವಾರ ಮಿನ್ ನನ್ನ ಕೈ ಕುಲುಕಿದರು. ‘ನಿಮ್ಮಲ್ಲೂ ಗಟ್ಟಿ ಸರ್ಕಾರ ಬಂತಂತೆ. ಅಭಿನಂದನೆ’ ಎಂದರು. ನಮ್ಮ ಸೋದರಮಾವ, ಧಾರವಾಡದಲ್ಲಿ ನಿವೃತ್ತ ಹೈಸ್ಕೂಲ್ ಮಾಸ್ತರರು, ಅವರನ್ನು ಒಳಗೆ ಹಾಕಿದ ಸುದ್ದಿ ಆ ವಾರವೇ ನನಗೆ ಬಂದಿತ್ತು. ಮಿನ್ ಅವರಿಗೆ ಹೇಳಿದೆ.

‘ಏನು ಮಾಡಿದ್ದರು?’ ಎಂದು ಕೇಳಿದರು.

‘ಏನೂ ಇಲ್ಲ.’

‘ಏನಾದರೂ ಮಾಡಿರಲೇಬೇಕು, ಮಿಸೆಸ್ ರಾವ್. ಸುಮ್ಮನೆ ಯಾರನ್ನೂ ಹಿಡಿಯುವುದಿಲ್ಲ.’

ಈ ಮಾತನ್ನು ಮಿನ್ ಒಬ್ಬರೇ ಅಂದರು ಎಂದು ನಾನು ಹೇಳಲಾರೆ. ಆ ವರ್ಷ ನಮ್ಮ ಕನ್ನಡದವರ ದೀಪಾವಳಿ ಊಟದಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು, ಒಬ್ಬ ಡಾಕ್ಟರ್ ಅಂಕಲ್ ಇದೇ ಮಾತನ್ನು ಶುದ್ಧ ಕನ್ನಡದಲ್ಲಿ ಹೇಳಿದರು. ಮಾವ ಹೊರಗೆ ಬಂದಾಗ ಅವರಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ.

ಇನ್ನು ಈ ವರ್ಷಕ್ಕೆ, ಎಪ್ಪತ್ತೆಂಟಕ್ಕೆ, ಬರುತ್ತೇನೆ.

ಏಪ್ರಿಲ್ ತಿಂಗಳ ಒಂದು ಗುರುವಾರ ಪ್ರೆಸ್ಸಿನ ಬಾಗಿಲು ತೆಗೆದು ಒಬ್ಬ ಕೊರಿಯನ್ ಹೆಂಗಸು ಒಳಗೆ ಬಂದಳು. ಕಂದು ಕೋಟಿನ ತೋಳಿಗೆ ದಾರದ ಎಳೆಗಳು ಅಂಟಿದ್ದವು. ಗಾರ್ಮೆಂಟ್ ಫ್ಯಾಕ್ಟರಿಯಿಂದ ನೇರ ಬಂದವಳು ಎಂದು ತಿಳಿಯಿತು. ಜೊತೆಗೆ ಶಾಲೆಯ ಬ್ಯಾಗು ಹಾಕಿಕೊಂಡ ಐದಾರು ವರ್ಷದ ಹುಡುಗಿ. ಮಿನ್ ಆಕೆಯನ್ನು ನೋಡಿದ್ದೇ ಕುಂಚ ಕೆಳಗಿಟ್ಟರು. ಆಕೆ ಕೂಗಲಿಲ್ಲ. ಕೊರಿಯನ್ನಿನಲ್ಲಿ ಮೆಲ್ಲಗೆ ಎರಡು ಮೂರು ಮಾತಾಡಿದಳು. ಏನೋ ಕೇಳಿದಳು. ಮತ್ತೆ ಅದನ್ನೇ ಕೇಳಿದಳು. ಮಿನ್ ಇಲ್ಲ ಎಂದು ತಲೆಯಾಡಿಸಿದರು. ಆಕೆ ಮಗಳ ಕೈ ಹಿಡಿದು ಹೊರಟುಹೋದಳು.

‘ಯಾರು?’ ಎಂದೆ.

‘ಯೂನ್‌ನ ಹೆಂಡತಿ’ ಎಂದರು ಮಿನ್. ‘ಯೂನ್ ಜೈಲಿನಲ್ಲಿ ತೀರಿಕೊಂಡನಂತೆ. ಶ್ವಾಸಕೋಶದ ಕಾಯಿಲೆ. ಚಳಿಗಾಲದಲ್ಲೇ ಹೋಗಿದ್ದಾನೆ, ಇವಳಿಗೆ ಈಗ ಗೊತ್ತಾಗಿದೆ.’

‘ನಿಮ್ಮನ್ನು ಏನು ಕೇಳಿದಳು?’

ಮಿನ್ ಶಾಯಿ ಬಾಟಲಿಯ ಮುಚ್ಚಳ ಹಾಕಿದರು. ‘ಫೋಟೋದಲ್ಲಿದ್ದ ಇನ್ನಿಬ್ಬರು ಯಾರು, ಅವರ ಹೆಸರೇನು, ನೀವು ಕೇಳಿದ್ದಿರಾ ಅಂತ ಕೇಳಿದಳು.’

ಬೂಟುಗಳ ಹೊಲಿಗೆ ಬಿಚ್ಚಿ ನೋಡಿದ ಮನುಷ್ಯ. ಏಜೆಂಟನ ಮನೆಯಲ್ಲೇ ಕೂತು ಉಂಡು ಬಂದವರು. ಅವರು ಈ ಒಂದು ಪ್ರಶ್ನೆಯನ್ನು ಮಾತ್ರ ಯಾರಿಗೂ ಕೇಳಿರಲಿಲ್ಲ. ಅವರಿಗೆ ಬೇಕಾಗಿದ್ದ ಉತ್ತರ ಮೊದಲೇ ಕೈಗೆ ಬಂದಿತ್ತು.

ಆ ಬೇಸಿಗೆಯೆಲ್ಲ ಮಿನ್ ಹುಡುಕಿದರು. ವೇರ್‌ಹೌಸಿಗೆ ರಜೆ ಹಾಕಿ ಬಸ್ಸಿನಲ್ಲಿ ಬಾಸ್ಟನ್ನಿಗೆ, ಟೊರಾಂಟೊಗೆ, ಷಿಕಾಗೋಗೆ ಹೋದರು. ಜರ್ಮನಿಯಲ್ಲಿ ಕೆಲಸ ಮಾಡಿ ಈ ಕಡೆ ಬಂದ ಕೊರಿಯನ್ನರನ್ನೆಲ್ಲ ಹಿಡಿದು ಫೋಟೋ ತೋರಿಸಿದರು. ಗುರುವಾರ ಬಂದಾಗ ಟೈ ಸಡಿಲವಾಗಿರುತ್ತಿತ್ತು. ಊಟ ಸೇರುತ್ತಿರಲಿಲ್ಲ ಎಂದು ಕಾಣುತ್ತದೆ, ಷರಟಿನ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು.

ಆಗಸ್ಟ್‌ನಲ್ಲಿ ಒಬ್ಬ ಸಿಕ್ಕ. ಎಲ್ಲಿ? ಫಿಲಡೆಲ್ಫಿಯಾದಲ್ಲಿ. ಇಲ್ಲಿಂದ ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟು ದೂರದಲ್ಲಿ, ಮೂಲೆಯ ಒಂದು ಗ್ರೋಸರಿ ಅಂಗಡಿಯ ಕೌಂಟರಿನ ಹಿಂದೆ.

ಆತ ಫೋಟೋ ನೋಡಿ ನಕ್ಕನಂತೆ. ‘ಎಡಗಡೆ ಇರೋದು ನಾನು. ಅಂದು ನನ್ನ ಹುಟ್ಟುಹಬ್ಬ. ನಾವಿಬ್ಬರೂ ಅಲ್ಲಿ ಕಲ್ಲಿದ್ದಲ ಗಣಿಯಲ್ಲಿದ್ದೆವು. ಯೂನ್ ನಮ್ಮ ಶಾಲೆಯ ಸ್ನೇಹಿತ, ಹಾಡೋದಕ್ಕೆ ಬಂದಿದ್ದ’ ಎಂದನಂತೆ. ಆತ ದಕ್ಷಿಣದ ಸಮುದ್ರ ತೀರದವನು. ಉತ್ತರವನ್ನು ಜನ್ಮದಲ್ಲಿ ಕಂಡವನಲ್ಲ. ಫೋಟೋದ ಇನ್ನೊಬ್ಬ ಗಣಿ ಕುಸಿದು ಅಲ್ಲೇ ಸತ್ತಿದ್ದ. ಆ ಫೋಟೋದಿಂದ ಯೂನ್‌ಗೆ ಏನಾಯಿತು ಎಂಬುದು ಈ ಅಂಗಡಿಯವನಿಗೆ ಗೊತ್ತೇ ಇರಲಿಲ್ಲ. ಮಿನ್ ಹೇಳಿದ ಮೇಲೆ ಆತ ಅಂಗಡಿಯ ಬಾಗಿಲು ಹಾಕಿ, ಅಕ್ಕಿ ಮೂಟೆಯ ಮೇಲೆ ಕೂತು, ‘ನೀವು ನನ್ನನ್ನು ಕೇಳಬಹುದಿತ್ತಲ್ಲ?’ ಎಂದನಂತೆ.

ಮಿನ್ ಕೋಟಿನವರ ಹತ್ತಿರ ಹೋದರು. ಅವರು ಕಾಫಿ ತರಿಸಿದರು. ‘ಹಳೇ ಮಾತು. ಸತ್ತವನು ವಾಪಸ್ ಬರುತ್ತಾನೆಯೇ? ನಿಮ್ಮ ಪೇಪರಿನ ಜಾಹೀರಾತುಗಳು ಎಲ್ಲಿಂದ ಬರುತ್ತವೆ, ಯೋಚನೆ ಮಾಡಿ’ ಎಂದರು.

ಅಕ್ಟೋಬರಿನ ಒಂದು ಗುರುವಾರ. ಮಿನ್ ಬಂದರು. ಬಾತ್‌ರೂಮಿಗೆ ಹೋಗಿ ಸೂಟು ಹಾಕಿಕೊಂಡು ಬಂದರು. ಎಪ್ಪತ್ತೊಂದರ ಹಳೆಯ ಸಂಚಿಕೆಯೊಂದನ್ನು ನನ್ನ ಮೇಜಿನ ಮೇಲೆ ಹರಡಿದರು.

‘ನಿಮ್ಮ ಸ್ಕೇಲು ಕೊಡಿ’ ಎಂದು ಕೇಳಿ ಅಂದಿನ ತಲೆಬರಹದ ಎತ್ತರ ಅಳೆದರು. ಬಿಳಿ ಹಾಳೆಯ ಮೇಲೆ ಅಷ್ಟೇ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು. ಆಮೇಲೆ ಅದೇ ದಪ್ಪ ಕುಂಚ.

ಮೂರು ಹಾಳೆ ಕೆಟ್ಟವು. ನಾನು ಹೊಸ ಹಾಳೆ ಕೊಡುತ್ತ ಹೋದೆ.

‘ಏನು ಬರೆದಿರಿ?’

‘ಯೂನ್ ನಿರಪರಾಧಿ. ಸುಳ್ಳು ಬರೆದವನು ನಾನು.’

ಪುಟ ಸಿದ್ಧವಾಗುವ ಹೊತ್ತಿಗೆ ಯಾರೋ ನಮ್ಮ ಪ್ರೆಸ್ಸಿನ ಯಜಮಾನ ಸ್ಯಾಲ್‌ಗೆ ಫೋನ್ ಮಾಡಿದರು. ಅದನ್ನು ಅಚ್ಚು ಹಾಕಿದರೆ ಕೊರಿಯನ್ ಅಂಗಡಿಗಳ ಕರಪತ್ರ, ಕ್ಯಾಲೆಂಡರು ಯಾವುದೂ ನಿನಗೆ ಬರುವುದಿಲ್ಲ ಎಂದರು. ಸ್ಯಾಲ್ ಇಟಾಲಿಯನ್ನರವನು, ಹೆಚ್ಚು ಮಾತಿಲ್ಲ. ‘ನನಗೆ ಕೊರಿಯನ್ ಬರೋದಿಲ್ಲ. ಮಷೀನು ಓಡಿಸೋದು ಬರುತ್ತೆ’ ಎಂದು ಫೋನ್ ಇಟ್ಟ.

ಮರುದಿನ ಮಧ್ಯಾಹ್ನ ಮಿಸೆಸ್ ಯೂನ್ ಪೇಪರು ತೆಗೆದುಕೊಂಡು ಹೋಗಲು ಬಂದಳು. ನಿಂತೇ ಓದಿದಳು. ಮೇಲಿನಿಂದ ಕೆಳಗಿನವರೆಗೆ, ಆಮೇಲೆ ಮತ್ತೆ ಮೇಲಿನಿಂದ. ಹುಡುಗಿಯ ಹೆಸರು ಗ್ರೇಸ್. ಅವಳು ನನ್ನ ಮೇಜಿನ ಮೇಲಿದ್ದ ಇನ್ನೊಂದು ಪ್ರತಿಯಲ್ಲಿ ಅಪ್ಪನ ಚಿತ್ರ ನೋಡಿದಳು.

‘ವಾಟ್ ಡಸ್ ಇಟ್ ಸೇ?’ ಎಂದು ನನ್ನನ್ನು ಕೇಳಿದಳು.

ಇಲ್ಲಿ ಹುಟ್ಟಿದ ಹುಡುಗಿ. ಅವಳಿಗೂ ಆ ಅಕ್ಷರ ಬಾರದು. ನಾನು ಮಿನ್ ಕಡೆ ನೋಡಿದೆ. ಮಿನ್ ಒಂದು ಸ್ಟೂಲು ಎಳೆದುಕೊಂಡು ಅವಳ ಎತ್ತರಕ್ಕೆ ಕೂತರು. ಸಾಲಿನ ಕೆಳಗೆ ಬೆರಳಿಟ್ಟು, ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ ಇಡೀ ಲೇಖನವನ್ನು ಆ ಮಗುವಿಗೆ ಓದಿ ಹೇಳಿದರು. ನಿನ್ನ ಅಪ್ಪ ಒಳ್ಳೆಯ ಮನುಷ್ಯ. ಅವರು ತಪ್ಪು ಮಾಡಿದರು ಎಂದು ನಾನು ಬರೆದೆ. ಅದು ಸುಳ್ಳಾಗಿತ್ತು. ನನ್ನ ಸುಳ್ಳಿನಿಂದ ಅವರನ್ನು ಜೈಲಿಗೆ ಹಾಕಿದರು.

ಪ್ರೆಸ್ಸಿನಲ್ಲಿ ಮಷೀನು ಓಡುತ್ತಿತ್ತು. ಆದ್ದರಿಂದ ಸ್ವಲ್ಪ ಜೋರಾಗಿಯೇ ಓದಬೇಕಾಯಿತು.

ಗ್ರೇಸ್ ಪೂರ್ತಿ ಕೇಳಿಸಿಕೊಂಡಳು. ‘ಓಕೆ’ ಎಂದಳು. ಅಮ್ಮನ ಕೈ ಹಿಡಿದುಕೊಂಡಳು. ಇನ್ನೇನು ಹೇಳಿಯಾಳು ಆ ಮಗು?

ಆಮೇಲೆ ಏನಾಯಿತು ಎಂದರೆ, ನೀವು ಊಹಿಸಿರುವುದೇ ಆಯಿತು. ಟ್ರಾವೆಲ್ ಏಜೆನ್ಸಿ, ರೆಸ್ಟೊರಂಟ್, ವಿಗ್ ವ್ಯಾಪಾರಿಗಳು, ಎಲ್ಲರೂ ಜಾಹೀರಾತು ನಿಲ್ಲಿಸಿದರು. ಇಷ್ಟು ವರ್ಷ ಮಿನ್ ಅವರನ್ನು ಹೊಗಳಿದವರೇ ‘ಮಿನ್ ಕೆಂಪಾದ’ ಎಂದರು. ಇಷ್ಟು ವರ್ಷ ಬೈದ, ಮಿಲಿಟರಿ ಆಡಳಿತದ ವಿರೋಧಿಗಳಾದ ವಿದ್ಯಾರ್ಥಿಗಳು ‘ಮೊಸಳೆ ಕಣ್ಣೀರು’ ಎಂದರು. ಮಿನ್ ಹೆಂಡತಿಗೆ ನ್ಯೂವಾರ್ಕಿನಲ್ಲಿ ಒಂದು ಪುಟ್ಟ ವಿಗ್ ಅಂಗಡಿಯಿತ್ತು. ಅದರ ಗಾಜು ಒಡೆದರು. ಒಡೆದವರು ಯಾವ ಕಡೆಯವರು ಎಂದು ಇವತ್ತಿಗೂ ಗೊತ್ತಾಗಿಲ್ಲ. ಎರಡೂ ಕಡೆ ಜನ ಇದ್ದರಲ್ಲ. ಅದಾದ ಮೇಲೆ ಪೇಪರು ನಿಂತೇಹೋಯಿತು. ಮಿನ್ ಈಗ ಇಡೀ ದಿನ ವೇರ್‌ಹೌಸಿನಲ್ಲಿ ಡಬ್ಬಿ ಇಳಿಸುತ್ತಾರೆ.

ಚರ್ಚಿನವರ ಮಾತನ್ನು ಆಗಲೇ ಹೇಳಿದೆ.

ಭಾನುವಾರ ನಾನು ಹೊರಡುವಾಗ ನಮ್ಮ ಮನೆಯವರಿಗೆ ಅಷ್ಟು ಇಷ್ಟವಿರಲಿಲ್ಲ. (ಮೈಸೂರಿನವರು. ಯಾವುದಕ್ಕೂ ಬೇಡ ಅನ್ನುವುದಿಲ್ಲ, ಪ್ರಶ್ನೆ ಕೇಳುತ್ತಾರೆ.)

‘ಅವರ ಪಾಲಿಟಿಕ್ಸ್ ನಮಗ್ಯಾಕೆ? ನಾಳೆ ಯಾರಾದ್ರೂ ಬಂದು ವಿಚಾರಿಸಿದ್ರೆ ಏನ್ ಹೇಳ್ತೀಯ?’ ಎಂದರು.

‘ಪಾಲಿಟಿಕ್ಸ್ ಏನೈತ್ರಿ ಇದರಾಗ? ಒಬ್ಬರು ತೀರ್ಕೊಂಡಾರ. ಹೋಗಿ ಒಂದಿಷ್ಟು ಹೊತ್ತು ನಿಂತು ಬರ್ತೀನಿ’ ಎಂದೆ.

‘ಸರಿ, ಡ್ರೈವ್ ಮಾಡ್ತೀನಿ. ಒಳಗೆ ಬರಲ್ಲ’ ಎಂದರು.

ಬೇಸ್‌ಮೆಂಟಿನಲ್ಲಿ ಹೆಚ್ಚು ಜನ ಇರಲಿಲ್ಲ. ಮಿಸೆಸ್ ಯೂನ್ ಜೊತೆ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಂಗಸರು, ಮೇಲಿನ ಮನೆಯ ಪೋರ್ಟೊರಿಕನ್ ಅಜ್ಜಿ, ನಾನು, ಮತ್ತೆ ಫಿಲಡೆಲ್ಫಿಯಾದಿಂದ ಬಂದ ಆ ಅಂಗಡಿಯವನು. ಮೇಳದವರು ಯಾರೂ ಬರಲಿಲ್ಲ. ಯೂನ್ ಮೇಳಕ್ಕೆ ಕಲಿಸಿದ್ದ ಹಾಡನ್ನು ಅಂಗಡಿಯವನು ಒಬ್ಬನೇ ಹಾಡಿದ. ದನಿ ಒಡಕು, ಸ್ವರ ಸರಿಯಿಲ್ಲ. ಆದರೂ ಕೊನೆಯ ಸಾಲಿನವರೆಗೆ ಬಿಡದೆ ಹಾಡಿದ. ಹಿಂದೆ ಯಾರದೋ ಬಟ್ಟೆ ಮಷೀನಿನಲ್ಲಿ ತಿರುಗುತ್ತಿತ್ತು.

ಆ ಕೋಣೆಯ ಕಿಟಕಿ ಮೇಲೆ, ಚಾವಣಿಗೆ ತಾಗಿದಂತಿದೆ. ಅದರಿಂದ ಫುಟ್‌ಪಾತಿನಲ್ಲಿ ಹೋಗುವವರ ಕಾಲುಗಳು ಮಾತ್ರ ಕಾಣುತ್ತವೆ. ಹಾಡಿನ ನಡುವೆ ಎರಡು ಕಾಲು ಬಂದು ಅಲ್ಲಿ ನಿಂತವು. ಬೂದು ಪ್ಯಾಂಟು, ಪಾಲಿಶ್ ಮಾಡಿದ ಕಪ್ಪು ಶೂ. ಮುಂದೆ ಹೋಗಲಿಲ್ಲ.

ನನಗೆ ಗೊತ್ತಾಯಿತು. ಮಿಸೆಸ್ ಯೂನ್‌ಗೂ ಗೊತ್ತಾಯಿತು. ಹಾಡು ಮುಗಿಯುವವರೆಗೆ ಆ ಶೂಗಳನ್ನೇ ನೋಡಿದಳು. ಆಮೇಲೆ ಎದ್ದು ಕುರ್ಚಿಯ ಮೇಲೆ ಹತ್ತಿ ಕಿಟಕಿಯ ಪರದೆ ಎಳೆದಳು. ಇಳಿದು ಬಂದು ಮತ್ತೆ ತನ್ನ ಜಾಗದಲ್ಲಿ ಕೂತಳು.

ನೀವಾಗಿದ್ದರೆ ಒಳಗೆ ಕರೆಯುತ್ತಿದ್ದಿರಾ? ನನಗೆ ಗೊತ್ತಿಲ್ಲ. ಕರೆಯುತ್ತಿದ್ದೆ ಎಂದು ಹೇಳುವುದು ಬಹಳ ಸುಲಭ.

ಹೊರಗೆ ಬಂದಾಗ ಮಿನ್ ಇರಲಿಲ್ಲ. ನಮ್ಮ ಮನೆಯವರು ಹೇಳಿದರು. ಅಷ್ಟು ಹೊತ್ತೂ ಚಳಿಯಲ್ಲಿ ನಿಂತೇ ಇದ್ದರಂತೆ. ‘ಕಾರಲ್ಲಿ ಹೀಟರ್ ಇದೆ, ಕೂತ್ಕೊಳ್ಳಿ’ ಎಂದು ಇವರು ಕರೆದರಂತೆ. ‘ಥ್ಯಾಂಕ್ ಯೂ, ನಾನು ನಿಂತಿರಬೇಕು’ ಎಂದರಂತೆ.

‘ದೊಡ್ಡ ಮನುಷ್ಯ ಕಣೆ’ ಎಂದರು ನಮ್ಮವರು, ಕಾರು ತಿರುಗಿಸುತ್ತ. ‘ಎಲ್ಲಾ ಕಳ್ಕೊಂಡ್ರೂ ಕೊನೆಗೆ ಸತ್ಯ ಬರೆದ್ರಲ್ಲ. ಯಾರು ಬರೀತಾರೆ ಹಾಗೆ?’

ನಿಜ. ಯಾರು ಬರೆಯುತ್ತಾರೆ? ನಮ್ಮ ಮಾವನ ಬಗ್ಗೆ ಸುಳ್ಳು ಬರೆದವರು ಯಾರೂ ಹಾಗೆ ಬರೆಯಲಿಲ್ಲ. ಅವರು ದೇಶದ್ರೋಹಿ ಎಂದು ಅಂದು ಒಂದು ಸಾಲು ಹಾಕಿದ್ದ ಪೇಪರು ಈಗ ಸ್ವಾತಂತ್ರ್ಯದ ಬಗ್ಗೆ ವಾರಕ್ಕೊಂದು ಸಂಪಾದಕೀಯ ಬರೆಯುತ್ತಿದೆ. ಆ ಲೆಕ್ಕದಲ್ಲಿ ಮಿನ್ ದೊಡ್ಡ ಮನುಷ್ಯರೇ.

ಆದರೆ ಬೇಸ್‌ಮೆಂಟಿನ ಮೆಟ್ಟಿಲ ಹತ್ತಿರ, ಬೀಳ್ಕೊಡುವಾಗ, ಮಿಸೆಸ್ ಯೂನ್ ನನ್ನ ಕೈ ಹಿಡಿದು ಹೇಳಿದ್ದನ್ನು ನಾನು ಇವರಿಗೆ ಕಾರಿನಲ್ಲಿ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

‘ಮಿಸ್ಟರ್ ಮಿನ್ ಒಳ್ಳೆಯ ಪತ್ರಕರ್ತ’ ಎಂದಳು. ಕುಹಕ ಇರಲಿಲ್ಲ. ನಿಧಾನವಾಗಿ, ಇಂಗ್ಲಿಷಿನ ಒಂದೊಂದೇ ಪದ ಹುಡುಕಿ ಹೇಳಿದಳು. ‘ನಿಜ ಹುಡುಕಲು ಅವರಿಗೆ ಒಂದು ಬೇಸಿಗೆ ಸಾಕಾಯಿತು. ಆಗಲೂ ಅಷ್ಟೇ ಸಾಕಾಗುತ್ತಿತ್ತು.’

ಒಂದು ಬೇಸಿಗೆ ಕಾಯಲಾರದಷ್ಟು ಅವಸರ ಯಾವ ಸುದ್ದಿಗಿರುತ್ತದೆ, ಹೇಳಿ?